ರೋಹಿಣಿ ಮುಗಿಯೋದ್ರೊಳಗೆ ಏನೇನು ಮಾಡ್ಕೋಬೇಕು: ಮಲೆನಾಡಿನ ಸಣ್ಣ ತೋಟ, ಮನೆಗೆ ಮಳೆಗಾಲದ ತಯಾರಿ

ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟತ್ತೆ, ಜೂನ್ 8ರ ಹೊತ್ತಿಗೆ ಮೃಗಶಿರ, 22ಕ್ಕೆ ಆರಿದ್ರಾ. ನಮ್ಮ ಕಡೆ ಅಂದ್ರೆ ಸಾಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಈ ಸುತ್ತಲ್ಲಿ ಮೃಗಶಿರ ಹಿಡ್ಕೊಂಡ್ತು ಅಂದ್ರೆ ಆಮೇಲೆ ತೋಟದಲ್ಲಿ ಹೊಸ ಕೆಲಸ ಅಂತ ಏನೂ ಶುರು ಮಾಡೋಕಾಗಲ್ಲ, ಇದ್ದಿದ್ದನ್ನ ಉಳಿಸ್ಕೊಳ್ಳೋದಷ್ಟೇ. 2025ರಲ್ಲಂತೂ ಮಾನ್ಸೂನು ಮೇ 24ಕ್ಕೇ ಕೇರಳಕ್ಕೆ ಬಂದ್ಬಿಡ್ತು, ವಾಡಿಕೆ ಪ್ರಕಾರ ಜೂನ್ 1ಕ್ಕೆ ಬರ್ಬೇಕಾಗಿದ್ದು, ನಾವು ಇನ್ನೂ ಅಡಿಕೆ ಔಷಧಿಗೆ ಸುಣ್ಣ ತರೋಕೆ ಹೋಗಿರ್ಲಿಲ್ಲ! ಆ ವರ್ಷ ಕಲಿತಿದ್ದು ಏನಂದ್ರೆ ಕೆಲಸಗಳನ್ನ ಮುಖ್ಯ ಯಾವ್ದು ಅಂತ ಸಾಲು ಹಚ್ಚಬಾರದು, ಮಳೆ ಹಿಡಿದ ಮೇಲೆ ಮಾಡೋಕೇ ಆಗದೇ ಇರೋದು ಯಾವ್ದು ಅಂತ ನೋಡಿ ಅದನ್ನ ಮೊದ್ಲು ಮುಗಿಸ್ಬೇಕು. ಹಾಗೆ ನೋಡಿದ್ರೆ ಎಲ್ಲಕ್ಕಿಂತ ಮೊದ್ಲು ಬರೋದು ಜನ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋರು, ಮರ ಹತ್ತೋರು ಇವರಿಗೆ ಏಪ್ರಿಲ್‌ನಲ್ಲೇ ಹೇಳಿಡಿ. ಊರಿಗೆ ಇಬ್ರೋ ಮೂವರೋ ಇರ್ತಾರೆ, ಎಲ್ಲರ ಮನೆಗೂ ಅವರೇ ಬೇಕು, ಎಲ್ಲರಿಗೂ ಅದೇ ಹತ್ತು ದಿನದಲ್ಲೇ ಬೇಕು. ಫೋನ್ ಮಾಡಿ "ಬರ್ತೀನಿ ಅಯ್ಯಾ" ಅಂದಿದ್ದನ್ನ ನಂಬಿ ಕೂರ್ಬೇಡಿ, ಮನೆಗೆ ಹೋಗಿ ದಿನ ಗೊತ್ತು ಮಾಡ್ಕೊಂಡು ಬನ್ನಿ, ಆಗೋದಾದ್ರೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕರೆಸಿ. ಈಗ ನೆಲದ ಮೇಲೆ ನಿಂತು ದೋಟಿಯಲ್ಲೇ (ಉದ್ದ ಕೋಲು) ಔಷಧಿ ಹೊಡೆಯೋರು ಜಾಸ್ತಿ ಆಗಿದಾರೆ, ಒಳ್ಳೇದೇ, ಮರದಿಂದ ಬೀಳೋ ಭಯ ಇಲ್ಲ. ಆದ್ರೆ ಕರೆಂಟ್ ಲೈನ್ ಹತ್ರ ಇರೋ ಸಾಲನ್ನ ದೋಟಿಯಲ್ಲಿ ಮುಟ್ಟೋದೇ ಬೇಡ. ಅಲ್ಯೂಮಿನಿಯಂ ಅಂತೂ ಸರಿಯೇ, ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯತ್ತೆ, ಅದು ಪ್ಲಾಸ್ಟಿಕ್ ಥರ ಅಂತ ಸುಮಾರು ಜನ ತಿಳ್ಕೊಂಡಿದಾರೆ. ಆ ಸಾಲು ಹೊಡೆಯೋ ದಿನ ಲೈನ್‌ಮ್ಯಾನ್‌ಗೆ ಹೇಳಿ ಲೈನ್ ಆಫ್ ಮಾಡ್ಸಿ, ಇಲ್ಲಾಂದ್ರೆ ಆ ಹತ್ತು ಮರದ ಅಡಿಕೆ ಹೋದ್ರೆ ಹೋಗ್ಲಿ ಮಾರಾಯ್ರೆ.

ಇನ್ನು ಔಷಧಿ. ಕೊಳೆರೋಗಕ್ಕೆ ಹೊಡೆಯೋದು ಬೋರ್ಡೋ ದ್ರಾವಣ, ಅದನ್ನ ಮಾಡೋದು ಎಲ್ಲರಿಗೂ ಗೊತ್ತು ಅಂತಾರೆ, ಆದ್ರೆ ಸರಿಯಾಗಿ ಮಾಡೋರು ಕಮ್ಮಿ, ಅದಕ್ಕೇ ಇದನ್ನ ಸ್ವಲ್ಪ ಉದ್ದ ಬರೀತೀನಿ. ಲೆಕ್ಕ ಸುಲಭ: ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಇದೇ ಶೇಕಡಾ ಒಂದರ ದ್ರಾವಣ. ಮೈಲುತುತ್ತ ಕಡು ನೀಲಿ ಹರಳಾಗಿರ್ಬೇಕು, ಹಸಿರು ಛಾಯೆ ಕಂಡ್ರೆ ಬೇರೆ ಏನೋ ಬೆರೆತಿದೆ ಅಂತ, ತಗೋಬೇಡಿ. ಹಿಂದಿನ ರಾತ್ರಿನೇ ಮೈಲುತುತ್ತನ ಬಟ್ಟೆಯಲ್ಲಿ ಗಂಟು ಕಟ್ಟಿ 50 ಲೀಟರ್ ನೀರಿನ ಡ್ರಮ್ಮಿಗೆ ಅಡ್ಡ ಕೋಲು ಇಟ್ಟು ನೇತು ಹಾಕಿ, ಗಂಟು ನೀರಿನ ಮೇಲ್ಭಾಗದಲ್ಲೇ ಮುಳುಗಿರ್ಲಿ, ತಳಕ್ಕೆ ಬಿಟ್ರೆ ಬೆಳಿಗ್ಗೆ ಅರ್ಧ ಹಾಗೇ ಕೂತಿರತ್ತೆ. ಡ್ರಮ್ಮು ಪ್ಲಾಸ್ಟಿಕ್ಕೇ ಆಗಬೇಕು, ಕಬ್ಬಿಣದ್ದು ತಗಡಿನದ್ದು ಬೇಡ, ಮೈಲುತುತ್ತದಲ್ಲಿರೋ ತಾಮ್ರ ಹೋಗಿ ಕಬ್ಬಿಣಕ್ಕೆ ಅಂಟ್ಕೊಂಡು ಔಷಧಿಯೂ ಹಾಳು ಡ್ರಮ್ಮೂ ಹಾಳು.

ಸುಣ್ಣ ಸುಟ್ಟ ಸುಣ್ಣವೇ ಬೇಕು, ಗಟ್ಟಿ ಉಂಡೆ, ಕೈಯಲ್ಲಿ ಹಗುರ. ಚೂರು ಚೂರು ನೀರು ಹಾಕ್ತಾ ಅರಳಿಸ್ಬೇಕು, ಒಂದೇ ಸಲ ಹುಯ್ದ್ರೆ ಕೊತ ಕೊತ ಕುದ್ದು ಮೇಲಕ್ಕೆ ಸಿಡಿಯತ್ತೆ, ಮುಖ ಹತ್ರ ತಗೊಂಡು ಹೋಗ್ಬೇಡಿ, ಮಕ್ಕಳನ್ನ ದೂರ ಕಳಿಸಿ. ಅರಳಿ ಬೆಣ್ಣೆ ಥರ ಆದ ಮೇಲೆ ಉಳಿದ ನೀರಿಗೆ ಕಲಸಿ ಬಟ್ಟೆಯಲ್ಲಿ ಸೋಸಿ, ಇಲ್ಲಾಂದ್ರೆ ಅರ್ಧ ದಿನ ನಾಜಲ್ ಕ್ಲೀನ್ ಮಾಡೋದ್ರಲ್ಲೇ ಕಳೆಯತ್ತೆ, ಮರದ ಮೇಲಿನವನು ಬೈತಾನೆ, ಪಂಪಿನವನು ಬೈತಾನೆ.

ಬೆರೆಸೋವಾಗ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಬೇಕು, ಅಥವಾ ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಹುಯ್ಯಬೇಕು, ಒಬ್ಬ ಕೋಲಲ್ಲಿ ತಿರುಗಿಸ್ತಾನೇ ಇರ್ಬೇಕು. ಸುಣ್ಣನ ತಂದು ಮೈಲುತುತ್ತಕ್ಕೆ ಸುರಿಯೋದು ಮಾತ್ರ ಬೇಡ. ಸರಿಯಾಗಿ ಆದ್ರೆ ತಿಳಿ ಆಕಾಶದ ಬಣ್ಣ ಬರತ್ತೆ, ಮೊಸರು ಒಡೆದ ಹಾಗೆ ಬೇರೆ ಬೇರೆ ಆಗಲ್ಲ.

ಆಮೇಲೆ ಕತ್ತಿ. ಇದನ್ನ ಬಿಡಲೇಬೇಡಿ. ನಮ್ಮಪ್ಪ ಸೊಪ್ಪು ಕಡಿಯೋ ಕತ್ತಿನ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಅದರ ತುದಿನ ಡ್ರಮ್ಮೊಳಗೆ ಅದ್ದಿ ಹಿಡ್ಕೊಳ್ತಿದ್ರು, ಒಂದು ಎಲೆ ಅಡಿಕೆ ಮಡಿಚಿ ಬಾಯಿಗೆ ಹಾಕೋವಷ್ಟು ಹೊತ್ತು, ತೆಗೆದು ಬೆಳಕಿಗೆ ಹಿಡಿದು ನೋಡೋರು. ಕತ್ತಿ ಹಾಗೇ ಬೆಳ್ಳಗಿದ್ರೆ ಸರಿ. ಅಲ್ಲಿ ಕೆಂಪು ಮಣ್ಣಿನ ಥರ, ಹಳೇ ತಾಮ್ರದ ಚೊಂಬಿನ ಬಣ್ಣ ಕೂತಿದ್ರೆ ಸುಣ್ಣ ಸಾಕಾಗಿಲ್ಲ ಅಂತ, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡ್ಬೇಕು. ನಾನು ಒಂದು ವರ್ಷ ಅವಸರಕ್ಕೆ ಅಂಗಡಿಯಿಂದ ಸುಣ್ಣದ ಪುಡಿ ತಂದೆ, ಎಷ್ಟು ದಿನದಿಂದ ಗಾಳಿಗೆ ಬಿದ್ದಿತ್ತೋ ಗೊತ್ತಿಲ್ಲ, ಕೆಜಿಗೆ ಕೆಜಿ ಹಾಕಿದೀನಲ್ಲ ಅಂತ ಕತ್ತಿ ಅದ್ದದೇ ಹೊಡೆಸಿದೆ, ಎಂಟು ದಿನಕ್ಕೆ ಎಳೇ ಮಿಳ್ಳೆ (ಎಳೆ ಅಡಿಕೆ ಕಾಯಿ) ಮೇಲೆಲ್ಲಾ ಸುಟ್ಟ ಕಲೆ, ಮರದ ಬುಡದಲ್ಲಿ ರಾಶಿ ಉದುರಿತ್ತು. ಗಾಳಿಗೆ ಹಳತಾದ ಸುಣ್ಣದಲ್ಲಿ ಕಸುವು ಇರಲ್ಲ, ತೂಕ ಮಾತ್ರ ಇರತ್ತೆ. ಈಗ ಹುಳಿ ಕ್ಷಾರ ತೋರಿಸೋ ಪಿಎಚ್ ಪೇಪರ್ ಸಿಗತ್ತೆ, 7 ಅಥವಾ ಚೂರು ಮೇಲೆ ತೋರಿಸಿದ್ರೆ ಸಾಕು, ಆದ್ರೂ ನಾನು ಕತ್ತಿನೂ ಅದ್ದತೀನಿ.

ಮಾಡಿದ್ದು ಅವತ್ತೇ ಖಾಲಿ ಆಗಬೇಕು, ನಾಳೆಗೆ ಇಟ್ರೆ ಅಂಟೋ ಗುಣ ಹೋಗತ್ತೆ. ಮಳೆಗೆ ತೊಳೆದು ಹೋಗಬಾರದು ಅಂತ ರಾಳದ ಅಂಟು ಬೆರೆಸೋರಿದಾರೆ, ಬೆರೆಸಿದ್ರೆ ಒಳ್ಳೇದೇ. ಹೊಡೆದ ಮೇಲೆ ಎರಡು ಮೂರು ಗಂಟೆನಾದ್ರೂ ಬಿಸಿಲು ಸಿಗ್ಬೇಕು, ಗೊನೆಗೆ ಎಲ್ಲಾ ಕಡೆಯಿಂದ ಬೀಳ್ಬೇಕು, ಕೆಳಗಿಂದ ಒಂದು ಸಲ ಚಿಮ್ಮಿಸಿ ಮುಂದಿನ ಮರಕ್ಕೆ ಹೋಗೋದಲ್ಲ. ತೋಟದ ಹುಲ್ಲನ್ನ ಒಂದೆರಡು ಒಳ್ಳೆ ಮಳೆ ಆಗೋವರೆಗೂ ದನಕ್ಕೆ ಹಾಕ್ಬೇಡಿ, ಕುರಿ ಇದ್ರಂತೂ ಬೇಡವೇ ಬೇಡ, ತಾಮ್ರ ಅವಕ್ಕೆ ವಿಷ. ಮೊದಲನೇ ಸಲ ಮಳೆಗೆ ಮುಂಚೆ, ಎರಡನೇದು ಅದಾಗಿ 40-45 ದಿನಕ್ಕೆ, ಆ ತಾರೀಖನ್ನ ಅವತ್ತೇ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮಳೆ ಬಿಡದೇ ಹೋದ್ರೆ ಮೂರನೇದೂ ಬೇಕಾಗತ್ತೆ. ಎರಡನೇದು ಪುನರ್ವಸು ಪುಷ್ಯದ ನಡುವೆ ಬರತ್ತೆ, ಆಗ ಬಿಸಿಲು ಅಂದ್ರೆ ಅರ್ಧ ದಿನ, ಸಾಮಾನು ಮನೇಲಿ ರೆಡಿ ಇದ್ರೆ ಮಾತ್ರ ಆ ಅರ್ಧ ದಿನ ನಿಮ್ಮದು.

ಅಂದಹಾಗೆ ಇದು ನಮ್ಮ ಅಜ್ಜಂದಿರ ಔಷಧಿ ಏನಲ್ಲ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಪಕ್ಕದ ದ್ರಾಕ್ಷಿನ ಕದೀತಾರೆ ಅಂತ ಮೈಲುತುತ್ತ ಸುಣ್ಣ ಎರಚ್ತಿದ್ರಂತೆ, ಆ ಬಳ್ಳಿಗಳಿಗೆ ರೋಗ ಬರ್ಲಿಲ್ಲ ಅನ್ನೋದನ್ನ ಗಮನಿಸಿ 1880ರ ದಶಕದಲ್ಲಿ ಮಿಲಾರ್ಡೆ ಅನ್ನೋ ವಿಜ್ಞಾನಿ ಇದನ್ನ ಔಷಧಿ ಮಾಡಿದ್ದು. ನಮ್ಮ ಅಡಿಕೆಗೆ ತಂದಿದ್ದು ಲೆಸ್ಲಿ ಕೋಲ್ಮನ್, ಕೆನಡಾದವರು, ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ರು, 1910ರಲ್ಲೇ ಕೊಳೆರೋಗದ ಬಗ್ಗೆ ಬರೆದು ಅಚ್ಚು ಹಾಕಿಸಿದ್ರು. ಇಂಗ್ಲಿಷ್ ಪುಸ್ತಕದಲ್ಲೂ ಈ ರೋಗಕ್ಕೆ "ಕೊಳೆರೋಗ" ಅಂತಾನೇ ಹೆಸರು, ಕನ್ನಡದಿಂದ ಹೋದ ಪದ, ಹೆಮ್ಮೆ ಪಡೋ ವಿಷಯ ಅಲ್ಲ ಬಿಡಿ.

ಔಷಧಿ ಹೊಡೆದೂ ಕೊಳೆ ಬಂದ್ರೆ ಅಡಿಕೆ ತೊಟ್ಟಿನ ಹತ್ರ ನೀರು ಹಿಡಿದ ಹಾಗೆ ಕಡು ಹಸಿರು ಕಲೆ ಕಾಣತ್ತೆ, ಆಮೇಲೆ ಬಿಳೀ ಬೂಜು. ಬಿದ್ದಿದ್ದನ್ನ ಅಲ್ಲೇ ಬಿಡಬೇಡಿ, ಆರಿಸಿ ತೋಟದಿಂದ ಆಚೆ ತಗೊಂಡು ಹೋಗಿ ನಾಶ ಮಾಡಿ.

ಬಸಿಗಾಲುವೆ. ಮಳೆ ಬಂದ ಮೇಲೂ ತೋಡಬಹುದು ಅಂತ ಮುಂದಕ್ಕೆ ಹಾಕೋ ಕೆಲಸ ಇದು, ಬಂದ ಮೇಲೆ ತೋಡೋದು ಅಂದ್ರೆ ಕೆಸರು ಎತ್ತೋದು ಅಷ್ಟೇ. ಅಡಿಕೆ ಗುಂಡಿ ಮೂರಡಿ ಇದ್ರೆ ಕಾಲುವೆ ಅದಕ್ಕಿಂತ ಅರ್ಧ ಅಡಿ ಆಳ ಇರ್ಬೇಕು, ಆಗ ಬೇರಿನ ಬುಡದ ನೀರು ಇಳಿಯತ್ತೆ. ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಕೊನೆಗೆ ನೀರು ಬೀಳೋ ಹಳ್ಳದ ಬಾಯಲ್ಲಿ ಹಾಳೆ, ಸೋಗೆ, ಪ್ಲಾಸ್ಟಿಕ್ ಕವರು ಎಲ್ಲಾ ಸೇರ್ಕೊಂಡಿರತ್ತೆ, ಅದೊಂದು ಬಿಡಿಸದೇ ಇದ್ರೆ ಮೇಲೆ ಎಷ್ಟು ತೋಡಿದ್ರೂ ದಂಡ. ಪಕ್ಕದ ತೋಟದವರ ನೀರು ನಿಮ್ಮ ಕಡೆ ಬರೋದಾದ್ರೆ ಈಗಲೇ, ಬಿಸಿಲಿರೋವಾಗಲೇ, ಕಾಫಿ ಕುಡೀತಾ ಮಾತಾಡಿ ಮುಗಿಸಿ. ಜುಲೈನಲ್ಲಿ ಗುದ್ದಲಿ ಹಿಡ್ಕೊಂಡು ಮಾತಾಡಿದ್ರೆ ಅದು ಬೇರೆ ಕಡೆಗೇ ಹೋಗತ್ತೆ.

ಕಾಳುಮೆಣಸು ಇರೋರು ನೆಲದ ಮೇಲೆ ಹರಡಿರೋ ಹಬ್ಬು ಬಳ್ಳಿನ ಎತ್ತಿ ಮರಕ್ಕೆ ಕಟ್ಟಿ ಇಲ್ಲಾ ಕತ್ತರಿಸಿ, ಸೊರಗು ರೋಗ ಹತ್ತೋದೇ ನೆಲದಿಂದ. ಅಡಿಕೆಗೆ ಬೋರ್ಡೋ ಮಾಡಿದ ದಿನವೇ ಬಳ್ಳಿಗೂ ಹೊಡೀರಿ, ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧಿ ಲೀಟರಿಗೆ 2 ಗ್ರಾಂ ಬೆರೆಸಿ ಬಳ್ಳಿ ನೋಡ್ಕೊಂಡು 5ರಿಂದ 10 ಲೀಟರ್ ಹುಯ್ಯಿರಿ. ಟ್ರೈಕೋಡರ್ಮಾ (ರೋಗ ತಡೆಯೋ ಒಳ್ಳೇ ಶಿಲೀಂಧ್ರ) ಹಾಕೋರು ಇದರ ಜೊತೆಗೇ ಹಾಕ್ಬೇಡಿ, ತಾಮ್ರಕ್ಕೆ ಅದೂ ಸಾಯತ್ತೆ.

ಕೊಟ್ಟಿಗೆ ವಿಷಯಕ್ಕೆ ಬಂದ್ರೆ, ಗಳಲೆ ರೋಗ ಚಪ್ಪೆ ರೋಗದ ಲಸಿಕೆ ಮೇ ತಿಂಗಳಲ್ಲೇ ಆಗಿರ್ಬೇಕು, ಚುಚ್ಚಿದ ದಿನವೇ ಶಕ್ತಿ ಬರಲ್ಲ, ಎರಡು ಮೂರು ವಾರ ಬೇಕು. ಪಶು ಆಸ್ಪತ್ರೆಯವರು ಬರ್ಲಿ ಅಂತ ಕಾಯದೇ ನೀವೇ ಕೇಳ್ಕೊಂಡು ಬನ್ನಿ. ಕೊಟ್ಟಿಗೆಗೆ ಹಾಸೋ ದರಗು (ಉದುರಿದ ಎಲೆ) ಒಣಗಿದ್ದಾಗಲೇ ಗುಡಿಸಿ ತುಂಬ್ಕೊಳ್ಳಿ, ಒಂದು ಮಳೆ ಬಿದ್ರೆ ಅದು ಗೊಬ್ಬರ ಆಗತ್ತೆ ಹೊರತು ಹಾಸೋಕೆ ಬರಲ್ಲ. ಹೊಸ ಎಳೇ ಹುಲ್ಲು ಬಂತು ಅಂತ ಖುಷಿಗೆ ಅದನ್ನೇ ಹಾಕಿದ್ರೆ ದನಕ್ಕೆ ಹೊಟ್ಟೆ ಉಬ್ಬರ, ಭೇದಿ, ಬತ್ತದ ಹುಲ್ಲು ಜೊತೆಗೆ ಸೇರಿಸಿ ಕೊಡಿ.

ಸೌದೆನ ನೆಲಕ್ಕೆ ಒಟ್ಟಬೇಡಿ, ಕೆಳಗೆ ಕಲ್ಲಿಟ್ಟು ಅಡಿಕೆ ದಬ್ಬೆ (ಸೀಳಿದ ಮರ) ಹಾಸಿ, ಗೋಡೆಯಿಂದ ಒಂದು ಗೇಣು ಬಿಟ್ಟು ಒಟ್ಟಿ, ಗೆದ್ದಲು ಹಿಡಿಯೋದು ತಪ್ಪತ್ತೆ. ಆಷಾಢದಲ್ಲಿ ಕತ್ತಲಲ್ಲಿ ಸೌದೆ ತೆಗೆಯೋವಾಗ ಕೈ ಹಾಕೋ ಮುಂಚೆ ಕೋಲಲ್ಲಿ ತಟ್ಟಿ, ಬೆಚ್ಚಗಿರತ್ತೆ ಅಂತ ಹಾವೂ ಅಲ್ಲೇ ಇರತ್ತೆ. ಹಂಚು ಕೈಯಾಡಿಸೋದು, ಜಗಲಿಗೆ ಎರಚಲು ಹೊಡೆಯದ ಹಾಗೆ ತಟ್ಟಿ ಕಟ್ಟೋದು (ಈಗ ಎಲ್ಲಾ ಟಾರ್ಪಾಲೇ), ಇದೆಲ್ಲಾ ನಿಮಗೆ ಹೇಳ್ಬೇಕಾಗಿಲ್ಲ. ಹಪ್ಪಳ ಸಂಡಿಗೆ ಮಿಡಿ ಉಪ್ಪಿನಕಾಯಿ ಬಗ್ಗೆ ಬರೆದ್ರೆ ನಮ್ಮಮ್ಮ ನಗ್ತಾರೆ, ಅದು ಅವರ ಡಿಪಾರ್ಟ್‌ಮೆಂಟು.

ಆದ್ರೆ ಬಾವಿ ಮರೀಬೇಡಿ. ಮೊದಲ ದೊಡ್ಡ ಮಳೆಗೆ ಅಂಗಳದ ನೀರು, ಕೊಟ್ಟಿಗೆ ನೀರು ಇಳಿಯೋದು ಅಲ್ಲಿಗೇ. ಕಟ್ಟೆ ಸುತ್ತ ಬಿರುಕು ಇದ್ರೆ ಸಿಮೆಂಟ್ ಹಾಕಿ. ಬ್ಲೀಚಿಂಗ್ ಪೌಡರ್ 1000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ರೆ ಸುಮಾರು 9,400 ಲೀಟರ್ ಆಗತ್ತೆ, ಅಂದ್ರೆ 24 ಗ್ರಾಂ ಪೌಡರ್ ಸಾಕು, ಜನ ಸುಮ್ನೆ ಅರ್ಧ ಕೆಜಿ ಸುರೀತಾರೆ ಆಮೇಲೆ ನೀರು ವಾಸನೆ ಅಂತ ಕುಡಿಯಲ್ಲ. ಬಕೆಟಲ್ಲಿ ಕಲಸಿ ತಳ ಕೂರೋಕೆ ಬಿಟ್ಟು ಮೇಲಿನ ತಿಳಿನೀರನ್ನ ಬಾವಿಗೆ ಬಿಟ್ಟು ಕೊಡಪಾನ ಎತ್ತಿ ಇಳಿಸಿ ಕದಡಿ, ಒಂದು ಗಂಟೆ ಬಿಟ್ಟು ಬಳಸಿ. ಕುಡಿಯೋಕೆ ಆದ್ರೆ ಹೇಗೂ ಕುದಿಸಿನೇ.

ಇಲಿಜ್ವರ ಬರೋದೂ ಇದೇ ಕಾಲದಲ್ಲಿ, ಕಾಲಲ್ಲಿ ಗಾಯ ಇದ್ರೆ ಗದ್ದೆ ನೀರಿಗೆ, ಕಾಲುವೆಗೆ ಬರಿಗಾಲಲ್ಲಿ ಇಳೀಬೇಡಿ, ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗೋದು ಕಂಡ್ರೆ ಕಷಾಯ ಕುಡೀತಾ ಮನೇಲಿ ಕೂರದೇ ಡಾಕ್ಟರ್ ಹತ್ರ ಹೋಗಿ. ಉಂಬಳಕ್ಕೆ (ಜಿಗಣೆ) ಮಾತ್ರ ಡಾಕ್ಟರ್ ಬೇಡ. ತೋಟಕ್ಕೆ ಹೋಗೋ ಮುಂಚೆ ಕಾಲಿಗೆ ಹೊಗೆಸೊಪ್ಪು ನೆನೆಸಿದ ಎಣ್ಣೆ ಹಚ್ಕೊಳ್ಳಿ, ಇಲ್ಲಾ ಬಟ್ಟೆ ಸೋಪನ್ನ ಒಣಗಿದ ಹಾಗೇ ಉಜ್ಕೊಳ್ಳಿ, ಸೋಪು ಮಳೆಗೆ ಬೇಗ ತೊಳೆದು ಹೋಗತ್ತೆ, ಎಣ್ಣೆ ತಡೆಯತ್ತೆ. ಕಚ್ಚಿದ್ದನ್ನ ಕಿತ್ತು ಎಳೀಬೇಡಿ, ಉಗುರನ್ನ ಅದರ ಬಾಯಿ ಹತ್ರ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಬಟ್ಟೆ ಒತ್ತಿ ಹಿಡ್ಕೊಂಡು ಕೂತ್ಕೊಳ್ಳಿ, ನಿಲ್ಲತ್ತೆ.