ಫೋಟೋ ಕ್ಲೌಡಿಗೆ ಹಾಕೋ ಮುಂಚೆ, ಡಿಲೀಟ್ ಒತ್ತಿದ್ರೆ ಏನಾಗುತ್ತೆ ತಿಳ್ಕೊಳ್ಳಿ

ಹೋದ ವರ್ಷ ನಮ್ಮ ಚಿಕ್ಕಮ್ಮ ಫೋನ್ ತುಂಬೋಯ್ತು ಅಂತ ಅದರಲ್ಲಿದ್ದ ಫೋಟೋನೆಲ್ಲ ಸೆಲೆಕ್ಟ್ ಮಾಡಿ ಅಳಿಸಿಬಿಟ್ರು. "ಕ್ಲೌಡಲ್ಲಿ ಇದ್ಯಲ್ಲೋ" ಅನ್ನೋ ಧೈರ್ಯ (ಕ್ಲೌಡ್ ಅಂದ್ರೆ ಫೋಟೋ ಇಡೋಕೆ ಇಂಟರ್ನೆಟ್ಟಲ್ಲಿ ಕಂಪನಿಯವ್ರು ಕೊಡೋ ಜಾಗ). ಮೂರು ತಿಂಗಳಾದ್ಮೇಲೆ ಮೊಮ್ಮಗಳ ನಾಮಕರಣದ ಫೋಟೋ ಹುಡುಕಿದ್ರೆ ಕ್ಲೌಡಲ್ಲೂ ಇಲ್ಲ, ಅಳಿಸಿದ್ದು ಸ್ವಲ್ಪ ದಿನ ಉಳಿಯೋ ಟ್ರ್ಯಾಶಲ್ಲೂ ಇಲ್ಲ. ಇದೇ ಕಥೆ ಇನ್ನೂ ಮೂರು ಮನೇಲಿ ನೋಡಿದೀನಿ. ಎಲ್ರೂ ಕೇಳೋದು ಯಾವ್ದರಲ್ಲಿ ಜಾಸ್ತಿ ಜಿಬಿ ಫ್ರೀ ಅಂತ, ಅಳಿಸಿದ್ರೆ ಏನಾಗುತ್ತೆ ಅಂತ ಯಾರೂ ಕೇಳಲ್ಲ.

1. ನಿಮ್ಮತ್ರ ಎಷ್ಟಿದೆ ನೋಡಿ

ಫೋನ್ ಸೆಟ್ಟಿಂಗ್ಸಲ್ಲಿ ಸ್ಟೋರೇಜ್ ತೆಗೆದ್ರೆ ಫೋಟೋ, ವಿಡಿಯೋ ಎಷ್ಟು ಜಿಬಿ ಅಂತ ತೋರಿಸುತ್ತೆ. ಅದರ ಎರಡರಷ್ಟು ಜಾಗ ಬೇಕು ಅಂದ್ಕೊಳ್ಳಿ, ಅಷ್ಟೇ.

2. ಸರ್ವಿಸ್ ಆರಿಸೋದು

ಫ್ರೀ ಲೆಕ್ಕ ಹೀಗಿದೆ: ಗೂಗಲ್ 15 ಜಿಬಿ, ಐಕ್ಲೌಡ್ 5, ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2. ಗೂಗಲ್‌ನ 15 ನೋಡಿ ಖುಷಿಪಡ್ಬೇಡಿ, ಜಿಮೇಲು, ಡ್ರೈವು ಎಲ್ಲ ಅದರಲ್ಲೇ ಸೇರ್ಕೊಂಡಿರುತ್ತೆ, ಆಂಡ್ರಾಯ್ಡ್ ಫೋನಿನ ವಾಟ್ಸ್ಯಾಪ್ ಬ್ಯಾಕಪ್ ಕೂಡ ಈಗ ಅದನ್ನೇ ತಿನ್ನುತ್ತೆ. ಫ್ರೀ ಅಂದಿದ್ದು ಫ್ರೀಯಾಗೇ ಇರಲ್ಲ ಅನ್ನೋದೂ ನೆನಪಿರಲಿ. ಗೂಗಲ್ ಫೋಟೋಸಲ್ಲಿ ಇದ್ದ ಅನ್‌ಲಿಮಿಟೆಡ್ ಫ್ರೀ ಜಾಗ 2021ರ ಜೂನ್ 1ಕ್ಕೆ ನಿಂತ್ಹೋಯ್ತು. ಫ್ಲಿಕರ್ ಅನ್ನೋ ಫೋಟೋ ಸೈಟು 2013ರಲ್ಲಿ 1 ಟಿಬಿ (ಸುಮಾರು ಸಾವಿರ ಜಿಬಿ) ಫ್ರೀ ಅಂತ ಕೊಟ್ಟು ಆಮೇಲೆ 1000 ಫೋಟೋಗೆ ಇಳಿಸ್ತು. ಕ್ಯಾನನ್ ಕಂಪನಿಯ ಇರಿಸ್ಟಾ ಅನ್ನೋ ಫೋಟೋ ಸರ್ವಿಸ್ 2020ರ ಜನವರಿಯಲ್ಲಿ ಮುಚ್ಚೇ ಹೋಯ್ತು.

ನನ್ನ ಮಾತು ಇಷ್ಟೇ, ದುಡ್ಡು ಕೊಡಿ. ಎಲ್ಲೆಲ್ಲಿ ಫ್ರೀ ಇದೆಯೋ ಅಲ್ಲೆಲ್ಲ ಸ್ವಲ್ಪ ಸ್ವಲ್ಪ ಹಾಕಿ ಐದು ಅಕೌಂಟು ಐದು ಪಾಸ್‌ವರ್ಡು ಮಾಡ್ಕೊಂಡವ್ರು ಕೊನೆಗೆ ಯಾವ್ದು ಎಲ್ಲಿದೆ ಅಂತ ಮರೆತು ಕೂತಿರ್ತಾರೆ. ಮನೇಲಿ ಎಲ್ರದ್ದೂ ಐಫೋನಾದ್ರೆ ಐಕ್ಲೌಡ್, ಆಂಡ್ರಾಯ್ಡ್ ಅಥವಾ ಮಿಕ್ಸ್ ಇದ್ರೆ ಗೂಗಲ್ ಫೋಟೋಸ್. ಕಂಪನಿಯವ್ರೂ ನಮ್ಮ ಫೋಟೋ ನೋಡಬಾರ್ದು ಅನ್ನೋರಿಗೆ ಎಂಟೆ (Ente) ಅಂತ ಒಂದಿದೆ, ಫೋಟೋ ನಿಮ್ಮ ಫೋನಲ್ಲೇ ಲಾಕ್ ಆಗಿ ಆಮೇಲೆ ಕ್ಲೌಡಿಗೆ ಹೋಗುತ್ತೆ. ಆದ್ರೆ ಪಾಸ್‌ವರ್ಡೂ ರಿಕವರಿ ಕೀನೂ (ಪಾಸ್‌ವರ್ಡ್ ಮರೆತ್ರೆ ಬಳಸೋದು) ಎರಡೂ ಕಳ್ಕೊಂಡ್ರೆ ಯಾರಿಂದಲೂ ತೆಗೆಯಕ್ಕಾಗಲ್ಲ, ಹಾಗಾಗಿ ಕೀನ ಪೇಪರಲ್ಲಿ ಬರೆದು ಬೀರುವಿನಲ್ಲಿಡಿ. ಅಮೆರಿಕದಲ್ಲಿರೋ ನೆಂಟ್ರು ಅಮೆಜಾನ್ ಪ್ರೈಮ್ ಇದ್ರೆ ಫೋಟೋಗೆ ಅನ್‌ಲಿಮಿಟೆಡ್ ಜಾಗ ಅಂತಾರೆ, ಅದು ಅವ್ರಿಗೆ ನಿಜ, ನಮ್ಮ ಇಂಡಿಯಾ ಪ್ರೈಮಲ್ಲಿ ಅದಿಲ್ಲ.

ವಾಟ್ಸ್ಯಾಪ್ ಗ್ರೂಪನ್ನೇ ಆಲ್ಬಮ್ ಮಾಡ್ಕೋಬೇಡಿ ದಯವಿಟ್ಟು. ಅಲ್ಲಿ ಫೋಟೋ ಕುಗ್ಗಿ ಹೋಗುತ್ತೆ, ಪ್ರಿಂಟ್ ಹಾಕ್ಸಿದ್ರೆ ಮುಖವೆಲ್ಲ ಮಸುಕು. ಕಳಿಸಲೇಬೇಕು ಅಂದ್ರೆ ಡಾಕ್ಯುಮೆಂಟ್ ಅಂತ ಆರಿಸಿ ಕಳ್ಸಿ, ಇದ್ದಹಾಗೇ ಹೋಗುತ್ತೆ.

3. ಕ್ವಾಲಿಟಿ

ಮೊದಲನೇ ಫೋಟೋ ಹೋಗೋ ಮುಂಚೆನೇ ಇದನ್ನ ಸೆಟ್ ಮಾಡಿ. ಗೂಗಲಲ್ಲಿ ಸ್ಟೋರೇಜ್ ಸೇವರ್ ಅಂತಿದ್ರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋ ಅಷ್ಟಕ್ಕೆ ಇಳಿಯುತ್ತೆ, 4ಕೆ ವಿಡಿಯೋ 1080ಕ್ಕೆ ಇಳಿಯುತ್ತೆ. ಮದುವೆ ಫೋಟೋ, ಅಜ್ಜ ಅಜ್ಜಿ ಹಳೇ ಫೋಟೋ ಸ್ಕ್ಯಾನ್ ಮಾಡ್ಸಿದ್ದು ಇದ್ರೆ ಒರಿಜಿನಲ್ಲೇ ಇಡಿ.

4. ಎಲ್ರೂ ಎಡವೋ ಜಾಗ

ಗೂಗಲ್ ಫೋಟೋಸ್ ಆ್ಯಪಲ್ಲಿ ಡಿಲೀಟ್ ಒತ್ತಿದ್ರೆ ಫೋನಿಂದಲೂ ಹೋಗುತ್ತೆ, ಕ್ಲೌಡಿಂದಲೂ ಹೋಗುತ್ತೆ. ಬ್ಯಾಕಪ್ ಆದ ಫೋಟೋ ಟ್ರ್ಯಾಶಲ್ಲಿ 60 ದಿನ ಇರುತ್ತೆ, ಆಮೇಲೆ ಇಲ್ಲ. ಫೋನಲ್ಲಿ ಮಾತ್ರ ಜಾಗ ಮಾಡ್ಬೇಕು ಅಂದ್ರೆ ಅದಕ್ಕೆ ಬೇರೆ ಬಟನ್ನೇ ಇದೆ, ಫ್ರೀ ಅಪ್ ಸ್ಪೇಸ್ ಅಂತ. ಅದು ಬ್ಯಾಕಪ್ ಆಗಿರೋದನ್ನ ಮಾತ್ರ ಫೋನಿಂದ ತೆಗೆಯುತ್ತೆ, ಕ್ಲೌಡಲ್ಲಿರೋದನ್ನ ಮುಟ್ಟಲ್ಲ. ಐಫೋನಲ್ಲಿ ಐಕ್ಲೌಡ್ ಫೋಟೋಸ್ ಆನ್ ಇದ್ರೆ ಇನ್ನೂ ಹುಷಾರು, ಫೋನಲ್ಲಿ ಅಳಿಸಿದ್ದು ಐಪ್ಯಾಡಲ್ಲೂ ಇರಲ್ಲ, ಕಂಪ್ಯೂಟರಲ್ಲೂ ಇರಲ್ಲ, ವಾಪಸ್ ತರೋಕೆ 30 ದಿನ ಅಷ್ಟೇ. ಅಲ್ಲಿ ಆಪ್ಟಿಮೈಸ್ ಐಫೋನ್ ಸ್ಟೋರೇಜ್ ಆನ್ ಮಾಡಿ, ಒರಿಜಿನಲ್ ಕ್ಲೌಡಲ್ಲಿದ್ದು ಫೋನಲ್ಲಿ ಚಿಕ್ಕ ಕಾಪಿ ಇರುತ್ತೆ, ಅಳಿಸೋ ಗೋಜೇ ಬೇಡ.

ನಾನು ಯಾವ ಸರ್ವಿಸಾದ್ರೂ ಮೊದಲು ಹೀಗೆ ಟೆಸ್ಟ್ ಮಾಡ್ತೀನಿ. ಬಾಗಿಲ ಮುಂದಿನ ರಂಗೋಲಿದೋ ಏನೋ ಐದು ಫೋಟೋ ತೆಗೀರಿ. ವೈಫೈ ಹಾಕಿ ಕ್ಲೌಡಿಗೆ ಹೋಗೋ ತನಕ ಕಾಯಿರಿ. ಈಗ ಬೇರೆ ಫೋನಲ್ಲೋ ಕಂಪ್ಯೂಟರ್ ಬ್ರೌಸರಲ್ಲೋ ಲಾಗಿನ್ ಆಗಿ ಐದೂ ಕಾಣುತ್ತಾ ನೋಡಿ, ನಿಮ್ಮ ಫೋನಲ್ಲೇ ನೋಡಿದ್ರೆ ಅದು ಫೋನಲ್ಲಿರೋದೋ ಕ್ಲೌಡಲ್ಲಿರೋದೋ ಗೊತ್ತಾಗಲ್ಲ. ಆಮೇಲೆ ಒಂದನ್ನ ಆ್ಯಪಲ್ಲಿ ಅಳಿಸಿ, ಇನ್ನೊಂದನ್ನ ಫೋನಿನ ಗ್ಯಾಲರೀಲಿ ಅಳಿಸಿ. ಮತ್ತೆ ಬ್ರೌಸರಲ್ಲಿ ನೋಡಿ, ಎಷ್ಟು ಉಳೀತು? ಹತ್ತು ನಿಮಿಷದ ಕೆಲಸ, ಚಿಕ್ಕಮ್ಮನ ಹತ್ರ ಇದನ್ನ ಮೊದಲೇ ಮಾಡ್ಸಿದ್ರೆ ಆ ನಾಮಕರಣ ಉಳೀತಿತ್ತು.

ಇನ್ನೊಂದು, ಆಂಡ್ರಾಯ್ಡ್ ಫೋನಲ್ಲಿ ಗೂಗಲ್ ತಾನಾಗೇ ಬ್ಯಾಕಪ್ ಮಾಡೋದು ಕ್ಯಾಮೆರಾ ಫೋಲ್ಡರ್ ಮಾತ್ರ. ವಾಟ್ಸ್ಯಾಪಲ್ಲಿ ಬಂದ ಫೋಟೋಗಳ ಫೋಲ್ಡರ್ ನೀವೇ ಸೆಟ್ಟಿಂಗ್ಸಲ್ಲಿ ಹೋಗಿ ಆನ್ ಮಾಡ್ಬೇಕು, ಹಾಗೇ ಬಿಟ್ರೆ ತಂಗಿ ಕಳ್ಸಿದ ಫೋಟೋ ಫೋನ್ ಜೊತೇಲೇ ಹೋಗುತ್ತೆ. ಫೋನ್ ಕ್ಲೀನರ್ ಅಂತ ಬರೋ ಆ್ಯಪ್‌ಗಳಂತೂ ಬೇಡವೇ ಬೇಡ, ಒಂದೇ ಥರ ಇರೋ ಫೋಟೋ ಅಂತ ತೋರಿಸಿ ಒಳ್ಳೇದನ್ನೂ ಅಳಿಸಿಬಿಡುತ್ವೆ.

5. ಹಂಚೋದು

ಆಲ್ಬಮ್ ಮಾಡಿ, ಲಿಂಕ್ ಕಳ್ಸಿ. ಲಿಂಕ್ ಸಿಕ್ಕ ಯಾರು ಬೇಕಾದ್ರೂ ನೋಡ್ಬಹುದು ಅನ್ನೋದು ತಲೇಲಿರಲಿ, ಚಿಕ್ಕ ಮಕ್ಕಳ ಫೋಟೋ ಇದ್ರೆ ಲೊಕೇಶನ್ ಆಫ್ ಮಾಡಿ, ಎಲ್ರೂ ಡೌನ್‌ಲೋಡ್ ಮಾಡ್ಕೊಂಡ್ಮೇಲೆ ಲಿಂಕನ್ನೂ ಆಫ್ ಮಾಡಿ.

6. ಹೊರಗೆ ತರೋದು

ಗೂಗಲಲ್ಲಿ ಟೇಕ್‌ಔಟ್ ಅಂತಿದೆ, ಎಲ್ಲಾನೂ ಜಿಪ್ ಮಾಡಿ ಕೊಡುತ್ತೆ, ಡೌನ್‌ಲೋಡ್ ಲಿಂಕ್ ಸುಮಾರು ಒಂದು ವಾರ ಇರುತ್ತೆ. ಯುಗಾದಿಗೊಂದ್ಸಲ, ದೀಪಾವಳಿಗೊಂದ್ಸಲ ತೆಗೆದು ಹಾರ್ಡ್‌ಡಿಸ್ಕಿಗೆ ಹಾಕಿ.

7. ಮನೆಯವ್ರಿಗೆ ದಾರಿ

ಗೂಗಲ್ ಅಕೌಂಟನ್ನ 2 ವರ್ಷ ಯಾರೂ ಮುಟ್ಟದಿದ್ರೆ ಗೂಗಲ್‌ನವ್ರು ಅದನ್ನ ಅಳಿಸಬಹುದು. ನಾವಿಲ್ಲದಾಗ ಫೋಟೋ ಮನೆಯವ್ರಿಗೆ ಸಿಗೋ ಹಾಗೆ ಗೂಗಲ್‌ನ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅನ್ನೋ ಸೆಟ್ಟಿಂಗಲ್ಲಿ ಮಗಳದೋ ಮಗನದೋ ಈಮೇಲ್ ಹಾಕಿಡಿ, ಐಫೋನಲ್ಲಾದ್ರೆ ಇದೇ ಕೆಲಸಕ್ಕೆ ಲೆಗಸಿ ಕಾಂಟ್ಯಾಕ್ಟ್ ಅಂತಿದೆ. ಹಾಕಿದೀನಿ ಅಂತ ಅವ್ರಿಗೆ ಇವತ್ತೇ ಫೋನ್ ಮಾಡಿ ಹೇಳಿ.