ಹೊಸ್ತಿಲಲ್ಲಿ ಅಂಟಿಕೊಳ್ಳುವ ಕಾಲಿಗೆ ನೆಲದ ಪಟ್ಟಿ

ಪಾರ್ಕಿನ್ಸನ್ ಕಾಯಿಲೆ ಇರುವವರು ಹಜಾರದಲ್ಲಿ ಸಲೀಸಾಗಿ ನಡೆದು, ಬಚ್ಚಲ ಬಾಗಿಲಿಗೆ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಕಾಲಲ್ಲಿ ಬಲವಿಲ್ಲದೆ ಹೀಗಾಗುವುದಲ್ಲ. ಯೋಚಿಸದೆ ಹೆಜ್ಜೆ ಹಾಕಿಸುವ ಮೆದುಳಿನ ಭಾಗಕ್ಕೆ ಡೋಪಮೈನ್ ಎಂಬ ರಾಸಾಯನಿಕ ಸಾಲುತ್ತಿರುವುದಿಲ್ಲ. ಕಣ್ಣಿಗೋ ಕಿವಿಗೋ ಹೊರಗಿನಿಂದ ಗುರುತು ಸಿಕ್ಕರೆ ಅದೇ ಹೆಜ್ಜೆ ಬೇರೆ ದಾರಿಯಿಂದ ಬರುತ್ತದೆ. ಆದ್ದರಿಂದ ಇಂಥವರಿಗೆ ನಡಿಗೆ ಅಭ್ಯಾಸ ಮಾಡಿಸಲು ಅವರ ಮನೆಗೆ ಹೋದಾಗ ನಾನು ನೆಲಕ್ಕೆ ಟೇಪ್ ಹಚ್ಚುವುದರಿಂದಲೇ ಶುರುಮಾಡುತ್ತೇನೆ.

ಕೆಂಪು ಗಾರೆಯ ನೆಲಕ್ಕೆ ಹಳದಿ, ಬಿಳಿ ಟೈಲ್ಸ್‌ಗೆ ಕಪ್ಪು. 3 ಮೀಟರ್ ನಡೆಸಿ ಹೆಜ್ಜೆ ಎಣಿಸುತ್ತೇನೆ. 10 ಹೆಜ್ಜೆಯಾದರೆ ಒಂದೊಂದು 30 ಸೆಂ.ಮೀ.; ಹೆಜ್ಜೆ ಉದ್ದವಾಗಲೆಂದು ಪಟ್ಟಿಗಳ ನಡುವೆ 40 ಸೆಂ.ಮೀ. ಬಿಡುತ್ತೇನೆ. ನಡೆಯುವ ದಿಕ್ಕಿಗೆ ಅಡ್ಡಲಾಗಿಯೇ ಹಚ್ಚಬೇಕು. ಬಹಳ ಮಂದಿ ಹೊಸ್ತಿಲಿನ ತನಕ ಹಚ್ಚಿ ನಿಲ್ಲಿಸುತ್ತಾರೆ, ಕಾಲೂ ಅಲ್ಲೇ ನಿಲ್ಲುತ್ತದೆ. ಬಾಗಿಲಾಚೆಗೂ ಮೂರು ಪಟ್ಟಿ ಇರಲೇಬೇಕು. "ಗೆರೆ ತುಳಿಯಬೇಡಿ, ದಾಟಿ, ಹಿಮ್ಮಡಿ ಮೊದಲು ಊರಿ" ಎನ್ನುತ್ತೇನೆ. ಅಂಚು ಎದ್ದ ಟೇಪ್ ಎಡವಿಸುತ್ತದೆ, ಅದನ್ನು ಆಗಲೇ ಕಿತ್ತು ಹೊಸದು ಹಚ್ಚಿ. ಕಾಲೊರಸು ಅಲ್ಲಿ ಬೇಡವೇ ಬೇಡ.

ಕಿವಿಗೆ ಗುರುತಾಗಿ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ) ಆ್ಯಪ್ ಬಳಸುವಾಗ ತಾಳದ ವೇಗ ಹೆಚ್ಚಿಸುವ ಆಸೆ ಬರುತ್ತದೆ. ಕಾಲು ಅಂಟುವವರಿಗೆ ಅದು ಕೆಡುಕು: ಹೆಜ್ಜೆ ಚಿಕ್ಕದಾಗಿ, ಓಡುನಡಿಗೆಯಾಗಿ ಮುಗ್ಗರಿಸುತ್ತಾರೆ. ನಿಮಿಷಕ್ಕೆ 110 ಹೆಜ್ಜೆ ಇದ್ದರೆ ನಾನು 100ಕ್ಕೆ ಇಡುತ್ತೇನೆ.

ಕಾಲು ಅಂಟಿದಾಗ ಮನೆಯವರು ಕೈಹಿಡಿದು ಎಳೆಯುತ್ತಾರೆ. ದಯವಿಟ್ಟು ಎಳೆಯಬೇಡಿ. ಮೈ ಮುಂದೆ ಬರುತ್ತದೆ, ಪಾದ ಬರುವುದಿಲ್ಲ, ಮುಗ್ಗರಿಸಿ ಬೀಳುತ್ತಾರೆ. ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಲ್ಲಿ. ಕಾಲು ಅಂಟಿದವರು ನಿಂತು, ಉಸಿರೆಳೆದು ಬಿಟ್ಟು, ಭಾರವನ್ನೆಲ್ಲ ಒಂದು ಕಾಲಿಗೆ ವಾಲಿಸಿ, ಇನ್ನೊಂದು ಕಾಲನ್ನು ದೊಡ್ಡದಾಗಿ ಇಡಲಿ. ಅಷ್ಟು ಹೊತ್ತು ಯಾರೂ ಮಾತಾಡಬಾರದು. ಉತ್ತರ ಕೊಡಹೋದರೆ ಗಮನ ಹೆಜ್ಜೆಯಿಂದ ಜಾರುತ್ತದೆ. ತಿರುಗುವಾಗ ನಿಂತಲ್ಲೇ ಹೊರಳದೆ ಅರ್ಧಚಂದ್ರದಂತೆ ಸುತ್ತಿ ಬರಬೇಕು. ಜಾಗ ಕಿರಿದಾದರೆ ಗಡಿಯಾರದ 12, 3, 6ರ ಕಡೆಗೆ ಒಂದೊಂದಾಗಿ ಪಾದ ಇಡಿಸುತ್ತೇನೆ.

ಮೆದುಳಿನಲ್ಲಿ ಡೋಪಮೈನ್ ಆಗುವ ಲೆವೊಡೋಪ ಮಾತ್ರೆ ನುಂಗಿ ಮುಕ್ಕಾಲು ಗಂಟೆ, ಒಂದು ಗಂಟೆಯಾದ ಮೇಲೆ ಅಭ್ಯಾಸ. ಅದಕ್ಕೂ ಮೊದಲು ಮಲಗಿದಾಗ, ಎದ್ದು ನಿಂತು 3 ನಿಮಿಷವಾದಾಗ ಬಿಪಿ ನೋಡುತ್ತೇನೆ. ಮೇಲಿನ ಅಂಕಿ 20 ಇಳಿದಿದ್ದರೆ ಅಂದು ನಡೆಸುವುದಿಲ್ಲ, ವೈದ್ಯರಿಗೆ ತಿಳಿಸುತ್ತೇನೆ.

ರಾತ್ರಿ ಮಾತ್ರೆಯ ಪ್ರಭಾವ ಇಳಿದಿರುತ್ತದೆ, ಕತ್ತಲಲ್ಲಿ ಪಟ್ಟಿಯೂ ಕಾಣುವುದಿಲ್ಲ. ಹಾಸಿಗೆಯಿಂದ ಬಚ್ಚಲ ತನಕ ಪಾದದ ಮಟ್ಟದಲ್ಲಿ ಸಣ್ಣ ದೀಪಗಳನ್ನು ಉರಿಸಿಡಿ.