ಸಿಯಾಟಲ್ ಬೇಸಿಗೆ: ಆಫೀಸು ಮುಗಿದ ಮೇಲೆ ಉಳಿಯೋ ಇನ್ನೊಂದು ಹಗಲು

ಅಮ್ಮ ಮೊದಲ ಸಲ ಅಮೆರಿಕಕ್ಕೆ, ನಮ್ಮನೆಗೆ ಬಂದದ್ದು ಒಂದು ಜೂನ್ ಕೊನೆಯಲ್ಲಿ. ಬಂದ ಮೂರನೇ ದಿನ ಬತ್ತಿ ಹೊಸೆದು, ದೀಪಕ್ಕೆ ಎಣ್ಣೆ ಹಾಕಿಟ್ಟು, ಕತ್ತಲಾಗಲಿ ಅಂತ ಕಾದು ಕೂತಳು. ಏಳಕ್ಕೆ ಕಿಟಕಿ ನೋಡಿದಳು, ಎಂಟಕ್ಕೆ ನೋಡಿದಳು. ಎಂಟೂವರೆಗೆ ತಡೆಯಲಾರದೆ ಕೇಳಿದಳು: "ಅಲ್ಲ ಕಣೇ, ನಿಮ್ಮೂರಲ್ಲಿ ದೀಪ ಹಚ್ಚೋದು ಯಾವಾಗ?" ಅವತ್ತು ಹೊತ್ತು ಮುಳುಗಿದ್ದು 9:10ಕ್ಕೆ.

ಸಿಯಾಟಲ್ ಸುತ್ತಲಿನ ರೆಡ್ಮಂಡ್, ಬೆಲ್‌ವ್ಯೂ, ಬಾಥೆಲ್, ಇಸಾಕ್ವಾ ಕಡೆಗೆ ಹೊಸದಾಗಿ ಬಂದ ನಮ್ಮವರಿಗೆ ನಾನು ಮೊದಲು ಹೇಳೋದು ಈ ಲೆಕ್ಕವನ್ನೇ. ಐದೂವರೆಗೆ ಲ್ಯಾಪ್‌ಟಾಪ್ ಮುಚ್ಚಿದರೂ ಇನ್ನೂ ಮೂರೂವರೆ ಗಂಟೆ ಬೆಳಕಿರುತ್ತೆ. ಅಷ್ಟರಲ್ಲಿ ಕೆರೆಗೆ ಹೋಗಿ, ಮಕ್ಕಳು ನೀರಾಡಿ, ಊಟ ಮಾಡಿ, ಇಸ್ಪೀಟಿನ ಎರಡು ಆಟ ಮುಗಿಸಿ ಮನೆಗೆ ಬರಬಹುದು. ಹೊಸಬರು ಮಾಡೋ ತಪ್ಪು ಏನಂದ್ರೆ ಬೇಸಿಗೆಯನ್ನೆಲ್ಲ ವೀಕೆಂಡಿಗೆ, ಅದರಲ್ಲೂ ಲಾಂಗ್ ವೀಕೆಂಡಿಗೆ ಮೀಸಲಿಡೋದು. ಯೆಲ್ಲೋಸ್ಟೋನ್ ಪ್ಲಾನ್ ಮಾಡ್ತಾ ಮಾಡ್ತಾ ಜುಲೈ ಕಳೆದಿರುತ್ತೆ, ಮನೆಯಿಂದ ಹತ್ತು ನಿಮಿಷ ದೂರದ ಕೆರೆ ನೋಡಿರಲ್ಲ. ನಾನೂ ಮೊದಲ ಎರಡು ವರ್ಷ ಹೀಗೇ ಕಳೆದವಳು.

ನಮಗೆ ಬೇಸಿಗೆ ಅಂದರೆ ಏಪ್ರಿಲ್-ಮೇ. ಇಲ್ಲಿ ಮೇನಲ್ಲಿ ನಾಲ್ಕು ದಿನ ಬಿಸಿಲು ಕಾದು ಆಸೆ ಹುಟ್ಟಿಸುತ್ತೆ, ಜೂನ್‌ನಲ್ಲಿ ಮತ್ತೆ ಮೋಡ ಕವಿದು ಸೋನೆ ಹಿಡಿಯುತ್ತೆ. ನಿಜವಾದ ಬೇಸಿಗೆ ಶುರುವಾಗೋದು ಜುಲೈ 5ಕ್ಕೆ ಅಂತ ಇಲ್ಲಿಯ ಹಳಬರು ತಮಾಷೆ ಮಾಡ್ತಾರೆ. ನನ್ನ ಅನುಭವದಲ್ಲಿ ಅದು ಅಷ್ಟೇನೂ ತಮಾಷೆಯಲ್ಲ. ಅಲ್ಲಿಂದ ಸೆಪ್ಟೆಂಬರ್ ನಡುವಿನ ತನಕ ಆಕಾಶ ತೊಳೆದಿಟ್ಟ ಹಾಗಿರುತ್ತೆ. ಸಿಯಾಟಲ್ ಅಂದರೆ ಬರೀ ಮಳೆ ಅಂತ ಕೇಳಿಕೊಂಡು ಬಂದಿರ್ತೀರಿ. ವರ್ಷದ ಮಳೆ ಸುಮಾರು 1000 ಮಿಲಿಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆಗುಂಬೆಯ 7000 ಮಿಲಿಮೀಟರ್ ಕಂಡ ತೀರ್ಥಹಳ್ಳಿ ಕಡೆಯವಳಾದ ನನಗೆ ಇದೊಂದು ಮಳೆಯೇ ಅಲ್ಲ. ಆದರೆ ಅಷ್ಟನ್ನೂ ಅಕ್ಟೋಬರಿನಿಂದ ಮೇ ತನಕ ಜಿಟಿಜಿಟಿ ಅಂತ ಎಳೆದೆಳೆದು ಸುರಿಸುತ್ತೆ. ಜುಲೈನಲ್ಲಿ ತಿಂಗಳಿಡೀ ಸೇರಿಸಿದರೂ ಸಾಮಾನ್ಯವಾಗಿ 20 ಮಿಲಿಮೀಟರ್ ಆಗಲ್ಲ. ಊರಲ್ಲಿ ಪುನರ್ವಸು, ಪುಷ್ಯ ಮಳೆ ಹೊಡೀತಿರೋ ಹೊತ್ತಿಗೆ ಇಲ್ಲಿ ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತೆ.

ಸೆಕೆ ಹೆಚ್ಚೇನೂ ಇಲ್ಲ, ಮಧ್ಯಾಹ್ನ 25-26 ಡಿಗ್ರಿ. ಆದರೆ ಹಳೇ ಅಪಾರ್ಟ್‌ಮೆಂಟುಗಳಲ್ಲಿ ಏಸಿ ಇರಲ್ಲ. 2021ರ ಜೂನ್ 28ರಂದು ಸಿಯಾಟಲ್‌ನಲ್ಲಿ 108 ಫ್ಯಾರನ್‌ಹೀಟ್, ಅಂದರೆ 42 ಡಿಗ್ರಿ ಸೆಲ್ಸಿಯಸ್ ಆಯ್ತು. ಅಂಗಡಿಗಳಲ್ಲಿ ಟೇಬಲ್ ಫ್ಯಾನ್ ಸಿಗದೆ ನಾವು ಒದ್ದೆ ಪಂಚೆ ಕಿಟಕಿಗೆ ಕಟ್ಟಿ ಮಲಗಿದ್ವಿ. ಫ್ಯಾನ್ ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ. ಅದರ ಜೊತೆಗೆ ಸ್ವೆಟರೂ ಇರಲಿ, ಹೊತ್ತು ಮುಳುಗಿದ ಅರ್ಧ ಗಂಟೆಗೆ ಚಳಿ ಹಿಡಿಯುತ್ತೆ.

ಈಗ ವಾರದ ಸಂಜೆಯ ಕತೆಗೆ ಬರೋಣ. ನಮ್ಮ ಮೊದಲ ಪಿಕ್ನಿಕ್ ವಾರದ ಸಂಜೆಯದಾಗಿರಲಿಲ್ಲ, ಅದೇ ಎಡವಟ್ಟು. ಜುಲೈನ ಶನಿವಾರ, ಹನ್ನೆರಡು ಜನ, ನಾನು ಬೆಳಗ್ಗೆ ಆರಕ್ಕೆದ್ದು ದೊಡ್ಡ ಪಾತ್ರೆ ತುಂಬ ಬಿಸಿಬೇಳೆ ಬಾತ್ ಮಾಡಿದ್ದೆ. ಮಧ್ಯಾಹ್ನ ಒಂದಕ್ಕೆ ಹೋದರೆ ಪಾರ್ಕಿಂಗ್ ಭರ್ತಿ. ಕಾರು ನಿಲ್ಲಿಸಿದ ಜಾಗದಿಂದ ಮುಕ್ಕಾಲು ಮೈಲಿ, ನಾನೂ ನನ್ನ ಗಂಡನೂ ಪಾತ್ರೆಯ ಒಂದೊಂದು ಕಿವಿ ಹಿಡಿದು ಮದುವೆಮನೆ ಬಡಿಸೋರ ಹಾಗೆ ನಡೆದ್ವಿ. ನೆರಳಿರೋ ಶೆಲ್ಟರ್‌ಗಳೆಲ್ಲ ಬೇರೆಯವರು ಬುಕ್ ಮಾಡಿದ್ದವು. ಅವನ್ನು ವಸಂತಕ್ಕೇ ಬುಕ್ ಮಾಡಬೇಕು ಅಂತ ನಮಗೆ ಗೊತ್ತೇ ಇರಲಿಲ್ಲ. ಬಿಸಿಲಲ್ಲಿ ಕೂತು ಬಿಸಿಬೇಳೆ ತಿಂದದ್ದನ್ನು ನಮ್ಮ ಗೆಳೆಯರು ಈಗಲೂ ಆಡಿಕೊಳ್ತಾರೆ.

ಈಗಿನ ಪದ್ಧತಿ ಬೇರೆ. ಕಾರಿನ ಡಿಕ್ಕಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಚೀಲ ಖಾಯಂ ಇರುತ್ತೆ: ಚಾಪೆ, ನಾಲ್ಕು ಸ್ಟೀಲ್ ತಟ್ಟೆ, ಚೂರಿ, ಉಪ್ಪು-ಖಾರ ಬೆರೆಸಿದ ಪುಟ್ಟ ಡಬ್ಬಿ, ಟವೆಲ್ಲು, ಕಸಕ್ಕೆ ಕವರು. ಬುಧವಾರವೋ ಗುರುವಾರವೋ ನಾಲ್ಕು ಗಂಟೆಗೆ ವಾಟ್ಸಾಪಲ್ಲಿ ಒಂದು ಸಾಲು: "ಆರೂವರೆಗೆ ಮೇರಿಮೂರಲ್ಲಿರ್ತೀವಿ, ಬರೋರು ಬನ್ನಿ." ಇಬ್ಬರು ಬಂದರೂ ಸರಿ, ಯಾರೂ ಬರದಿದ್ದರೂ ಬೇಜಾರಿಲ್ಲ. ಹೊಸಬರಿಗೆ ಇದರ ಬೆಲೆ ನಿಧಾನಕ್ಕೆ ಗೊತ್ತಾಗುತ್ತೆ. ಮನೆಗೆ ಕರೆದರೆ ಮನೆ ಒರೆಸಬೇಕು, ಮೂರು ಪಲ್ಯ ಮಾಡಬೇಕು, ಅವರು ತಿರುಗಿ ಕರೆಯಬೇಕು. ಪಾರ್ಕಿಗೆ ಕರೆದರೆ ಯಾರಿಗೂ ಯಾರ ಋಣವೂ ಇಲ್ಲ. ನನಗೆ ಇಲ್ಲಿ ಆತ್ಮೀಯರಾದ ಮೂರು ಮನೆಯವರೂ ಹೀಗೆ ಚಾಪೆ ಮೇಲೆ ಪರಿಚಯವಾದವರು. ನೀವು ಸಂಕೋಚ ಬಿಟ್ಟು ನೀವೇ ಮೊದಲು ಕರೀರಿ. ಹಳಬರು ಕರೀಲಿ ಅಂತ ಕಾದರೆ ಅವರಿಗೆ ನೀವು ಬಂದಿರೋದೇ ಗೊತ್ತಿರಲ್ಲ.

ಮೇರಿಮೂರ್ ಪಾರ್ಕು ರೆಡ್ಮಂಡಿನಲ್ಲೇ ಇದೆ, 640 ಎಕರೆ. ಒಂದು ಮೂಲೆಯಲ್ಲಿ ಕ್ರಿಕೆಟ್ ನಡೀತಿರುತ್ತೆ, ಅಪ್ಪಂದಿರಿಗೆ ಅಷ್ಟು ಸಾಕು. 2025ರ ಮೇನಲ್ಲಿ ಲೈಟ್ ರೈಲಿಗೆ ಮೇರಿಮೂರ್ ವಿಲೇಜ್ ಅಂತ ನಿಲ್ದಾಣವೂ ಬಂತು, ಹಾಗಾಗಿ ಇನ್ನೂ ಕಾರು ತಗೊಳ್ಳದವರೂ ಹೋಗಬಹುದು. ರೈಲು, ಬಸ್ಸುಗಳಲ್ಲಿ 18 ವರ್ಷದ ತನಕ ಮಕ್ಕಳಿಗೆ ಟಿಕೆಟ್ ಇಲ್ಲ. ಇಸಾಕ್ವಾದ ಲೇಕ್ ಸಮ್ಮಾಮಿಷ್ ಪಾರ್ಕು ವಾಷಿಂಗ್ಟನ್ ರಾಜ್ಯದ್ದು, ಅಲ್ಲಿ ಕಾರು ನಿಲ್ಲಿಸೋಕೆ ಡಿಸ್ಕವರ್ ಪಾಸ್ ಅನ್ನೋ ಚೀಟಿ ಬೇಕು. ದಿನಕ್ಕೆ 10 ಡಾಲರ್, ವರ್ಷಕ್ಕೆ 30 ಇದ್ದದ್ದು 2025ರ ಅಕ್ಟೋಬರಿನಿಂದ 45 ಆಗಿದೆ. ಐದು ಸಲ ಹೋದರೆ ವಸೂಲಿ. ಒಂದೇ ಪಾಸಿನ ಮೇಲೆ ಎರಡು ಕಾರಿನ ನಂಬರ್ ಬರೆಯಬಹುದು. ಕೆಲವು ಲೈಬ್ರರಿಗಳಲ್ಲಿ ಈ ಪಾಸನ್ನೂ ಪುಸ್ತಕದ ಹಾಗೆ ಎರವಲು ಕೊಡ್ತಾರೆ, ಕೇಳಿ ನೋಡಿ.

ತಿನ್ನೋದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೆಳಗ್ಗೆ ಕಲೆಸಿದ ಪುಳಿಯೋಗರೆ, ಮೊಸರನ್ನ, ಅಲ್ಲೇ ಕಲೆಸೋ ಚುರುಮುರಿ. ಪಾರ್ಕಿನ ಗ್ರಿಲ್ ಖಾಲಿ ಇದ್ದರೆ ಮುಸುಕಿನ ಜೋಳ ಸುಟ್ಟು ಉಪ್ಪು-ಖಾರ-ನಿಂಬೆ ಹಚ್ಚಿ. ಕೆಂಡ ಆರುವ ಮುಂಚೆ ಒಂದು ಗುಂಡು ಬದನೆಕಾಯಿ ಇಟ್ಟು ಬಿಡಿ. ಸಿಪ್ಪೆ ಕರಿದಾಗಿ ಬಿರಿದ ಮೇಲೆ ಸುಲಿದು ಮೊಸರಿಗೆ ಕಿವುಚಿ, ಹಸಿಮೆಣಸು, ಕೊತ್ತಂಬರಿ ಹಾಕಿದರೆ, ಗ್ಯಾಸ್ ಒಲೆಯಲ್ಲಿ ಏನು ಮಾಡಿದರೂ ಬಾರದ ಹೊಗೆಯ ಘಮ ಬರುತ್ತೆ. ಬರ್ನ್ ಬ್ಯಾನ್, ಅಂದರೆ ಬೆಂಕಿ ಹಚ್ಚೋದಕ್ಕೆ ನಿಷೇಧ ಹಾಕಿರೋ ದಿನಗಳಲ್ಲಿ ಕೆಲವು ಸಲ ಇದ್ದಿಲೂ ಹಚ್ಚೋ ಹಾಗಿರಲ್ಲ, ಬೋರ್ಡು ನೋಡಿ. ಆಗಸ್ಟಲ್ಲಿ ಸಿಹಿ ತೆರೆದಿಟ್ಟರೆ ಹಳದಿ ಪಟ್ಟೆಯ ಕಣಜದ ಹುಳಗಳು ಮುತ್ತಿಕೊಳ್ತವೆ. ಬೀಸಿ ಹೊಡೆಯೋಕೆ ಹೋಗಬೇಡಿ, ಡಬ್ಬಿ ಮುಚ್ಚಿ.

ನೀರಿನ ವಿಷಯ ಒಂದಕ್ಕೆ ಮಾತ್ರ ನಾನು ಗದರಿಸಿಯೇ ಹೇಳೋದು. ತುಂಗೆಯಲ್ಲಿ ಈಜಿದ್ದೀನಿ, ನನಗೇನು ಅನ್ನೋರೇ ನಮ್ಮಲ್ಲಿ ಹೆಚ್ಚು. ಇಲ್ಲಿಯ ಹೊಳೆಗಳಲ್ಲಿ ಹರಿಯೋದು ಬೆಟ್ಟದ ಮೇಲಿನ ಹಿಮ ಕರಗಿದ ನೀರು. ಮೇಲೆ 30 ಡಿಗ್ರಿ ಬಿಸಿಲಿದ್ದಾಗಲೂ ಕೆಳಗೆ ಮೈ ಸೆಟೆಯೋ ಚಳಿ. ಹಾರಿದ ಕೂಡಲೇ ಉಸಿರು ಸಿಕ್ಕಿಹಾಕಿಕೊಂಡು, ಈಜು ಬಲ್ಲವರೂ ನಿಮಿಷಗಳಲ್ಲಿ ಕೈಕಾಲು ಸೋತು ಮುಳುಗ್ತಾರೆ. ಹೊಳೆಗಿಂತ ಕೆರೆ ವಾಸಿ, ಕೆರೆಯಲ್ಲೂ ಲೈಫ್‌ಗಾರ್ಡ್ ಇರೋ ಕಡೆ ವಾಸಿ. ಆಗಸ್ಟಿನ ಹೊತ್ತಿಗೆ ಕೆರೆಯ ನೀರು ಹದವಾಗುತ್ತೆ, ಹೊಳೆಯದ್ದನ್ನು ನಂಬಬೇಡಿ. ಚಿಕ್ಕ ದೋಣಿ, ಕಯಾಕ್ ಹತ್ತಿದರೆ 12 ವರ್ಷದ ತನಕದ ಮಕ್ಕಳಿಗೆ ಲೈಫ್ ಜಾಕೆಟ್ ಕಾನೂನಿನ ಪ್ರಕಾರವೇ ಕಡ್ಡಾಯ. ದೊಡ್ಡವರೂ ಹಾಕಿಕೊಳ್ಳಿ, ಫೋಟೋ ಕೆಟ್ಟರೆ ಕೆಡಲಿ.

ಹಣ್ಣು ಕೀಳೋದು ಇಲ್ಲಿಯ ಬೇಸಿಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಜೂನ್‌ಗೆ ಸ್ಟ್ರಾಬೆರಿ, ಜುಲೈ-ಆಗಸ್ಟಿಗೆ ಬ್ಲೂಬೆರಿ. ಯು-ಪಿಕ್ ಅಂತ ಬೋರ್ಡಿರೋ ತೋಟಗಳಲ್ಲಿ ಬಕೆಟ್ ಕೊಟ್ಟು ಬಿಡ್ತಾರೆ, ಕಿತ್ತದ್ದನ್ನು ತೂಕ ಹಾಕಿ ಹಣ. ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡರೆ ಯಾರೂ ಏನೂ ಅನ್ನಲ್ಲ, ಊಟದ ಬದಲಿಗೆ ತಿನ್ನಬೇಡಿ ಅಷ್ಟೇ. ಆದರೆ ಆಗಸ್ಟಲ್ಲಿ ದುಡ್ಡೇ ಬೇಡದ ಹಣ್ಣೊಂದಿದೆ. ಸೈಕಲ್ ದಾರಿಗಳ ಬದಿ, ಖಾಲಿ ಸೈಟುಗಳ ಅಂಚು, ಎಲ್ಲೆಲ್ಲೂ ಮುಳ್ಳುಪೊದೆ ತುಂಬ ಬ್ಲ್ಯಾಕ್‌ಬೆರಿ. ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ. ಅದಕ್ಕೂ ಹಿಮಾಲಯಕ್ಕೂ ಸಂಬಂಧವಿಲ್ಲ, ಮೂಲ ಆರ್ಮೇನಿಯಾ ಕಡೆಯದು. ಲೂಥರ್ ಬರ್ಬ್ಯಾಂಕ್ ಅನ್ನೋ ಸಸ್ಯತಜ್ಞ 1885ರಲ್ಲಿ ಭಾರತದಿಂದ ತರಿಸಿದ ಬೀಜದಿಂದ ಬೆಳೆಸಿ ಆ ಹೆಸರಿಟ್ಟ. ಈಗ ಅದು ರಾಜ್ಯದ ಕಳೆಗಳ ಪಟ್ಟಿಯಲ್ಲಿದೆ, ನಮ್ಮಲ್ಲಿ ಲಂಟಾನ ಹಬ್ಬಿದ ಹಾಗೆ ಹಬ್ಬಿದೆ. ಕಳೆ ಅಂತ ಕೆಲವು ಕಡೆ ಔಷಧಿ ಹೊಡೆದಿರ್ತಾರೆ. ಎಲೆ ಸುಟ್ಟ ಹಾಗೆ ಕಂಡರೆ ಮುಟ್ಟಬೇಡಿ, ಮತ್ತೆ ನಾಯಿ ಕಾಲೆತ್ತೋ ಎತ್ತರಕ್ಕಿಂತ ಮೇಲಿನದನ್ನೇ ಕೀಳಿ.

ಕೀಳೋದಕ್ಕೂ ಒಂದು ಹದವಿದೆ. ಮಿರಮಿರ ಮಿಂಚೋ ಹಣ್ಣು ಇನ್ನೂ ಹುಳಿ. ಹೊಳಪು ಸ್ವಲ್ಪ ಮಂಕಾಗಿ, ಮುಟ್ಟಿದರೆ ತಾನಾಗೇ ಕೈಗೆ ಬಂದರೆ ಅದು ಹಣ್ಣು. ಅಮ್ಮನಿಗೆ ಇದನ್ನು ಹೇಳಿಕೊಡಬೇಕಾಗಿ ಬರಲಿಲ್ಲ. ಗುಡ್ಡದಲ್ಲಿ ಕೌಳಿಹಣ್ಣು, ಮುಳ್ಳುಹಣ್ಣು ಕಿತ್ತು ಬೆಳೆದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕೊಂಬೆ ಬಗ್ಗಿಸಿ ಸ್ಟೀಲ್ ಡಬ್ಬಿ ತುಂಬಿದಳು. ಮನೆಗೆ ತಂದು ತಂಬುಳಿ ಮಾಡಿದಳು. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಮತ್ತೆ ಹಣ್ಣಿನ ಜೊತೆ ರುಬ್ಬಿ, ಬೀಜ ಹಲ್ಲಿಗೆ ಸಿಗದ ಹಾಗೆ ಸೋಸಿ, ಮಜ್ಜಿಗೆ ಬೆರೆಸಿದ್ದು. ಬಣ್ಣ ಮಾತ್ರ ಥೇಟ್ ಶಾಯಿ. ಮಗಳು ಎರಡು ಲೋಟ ಕುಡಿದು ಮಾರನೇ ದಿನ ಕ್ಯಾಂಪಿಗೆ ನೇರಳೆ ನಾಲಿಗೆ ಚಾಚಿಕೊಂಡು ಹೋದಳು.

ಚೆರ್ರಿಗೆ ಮಾತ್ರ ಬೆಟ್ಟ ದಾಟಬೇಕು. ಐ-90 ಹೆದ್ದಾರಿ ಹಿಡಿದು ಸ್ನೊಕ್ವಾಲ್ಮಿ ಪಾಸ್ ಅನ್ನೋ ಘಾಟಿ ಹತ್ತಿ ಇಳಿದರೆ ಮಲೆನಾಡು ಮುಗಿದು ಬಯಲುಸೀಮೆ ಬಂದ ಹಾಗೇ. ನಮ್ಮ ಪಶ್ಚಿಮಘಟ್ಟ ಮಾಡೋ ಕೆಲಸವನ್ನೇ ಇಲ್ಲಿ ಕ್ಯಾಸ್ಕೇಡ್ ಪರ್ವತ ಮಾಡುತ್ತೆ. ಮೋಡದ ನೀರನ್ನೆಲ್ಲ ಪಡುವಲಲ್ಲೇ ಇಳಿಸಿಕೊಂಡು ಮೂಡಲಿಗೆ ಒಣಗಾಳಿ ಕಳಿಸುತ್ತೆ. ಯಾಕಿಮಾದಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆ, ಚೆರ್ರಿ, ಸೇಬು ಎಲ್ಲ ನೀರಾವರಿಯ ಮೇಲೆ ಬೆಳೆದವು. ಹಳದಿಗೆ ಕೆಂಪು ಬಳಿದ ಹಾಗಿರೋ ರೇನಿಯರ್ ಚೆರ್ರಿ ಹುಟ್ಟಿದ್ದೂ ಆ ಕಡೆಯ ಪ್ರಾಸರ್‌ನಲ್ಲಿ, 1952ರಲ್ಲಿ. ದಾರಿಯಲ್ಲಿ ಸ್ನೊಕ್ವಾಲ್ಮಿ ಜಲಪಾತ ಸಿಗುತ್ತೆ, 268 ಅಡಿ. ಜೋಗದ 830 ಅಡಿ ನೋಡಿದ ಅಪ್ಪ "ಇಷ್ಟೇನಾ?" ಅಂದು ಕಾಫಿ ಕೇಳಿದರು. ಊರಿಂದ ಬಂದವರನ್ನು ಕರೆದುಕೊಂಡು ಹೋಗೋರು ಇದಕ್ಕೆ ಸಿದ್ಧರಿರಿ.

ಅಪ್ಪನಿಗೆ ನಿಜವಾಗಿ ಹಿಡಿಸಿದ್ದು ಫೆರ್ರಿ. ಸಿಯಾಟಲ್ ದಡದಿಂದ ಬೇನ್‌ಬ್ರಿಜ್ ದ್ವೀಪಕ್ಕೆ 35 ನಿಮಿಷ. ಕಾರು ಒಯ್ಯಬೇಡಿ, ನಡೆದು ಹತ್ತಿ. ಹೋಗುವಾಗ ಮಾತ್ರ ಟಿಕೆಟ್, ನಡೆದು ವಾಪಸ್ ಬರೋರಿಗೆ ಇಲ್ಲ. 18 ವರ್ಷದ ತನಕ ಮಕ್ಕಳಿಗೆ ಪೂರಾ ಉಚಿತ, 65 ತುಂಬಿದವರಿಗೆ ಅರ್ಧ. ಮೋಡವಿಲ್ಲದ ದಿನ ದಕ್ಷಿಣಕ್ಕೆ 14,410 ಅಡಿಯ ಮೌಂಟ್ ರೇನಿಯರ್ ಇಡಿಯಾಗಿ ಕಾಣುತ್ತೆ. "ಇವತ್ತು ಬೆಟ್ಟ ಹೊರಗೆ ಬಂದಿದೆ" ಅಂತಾರೆ ಇಲ್ಲಿಯವರು, ಮನೆಯೊಳಗಿದ್ದ ಅಜ್ಜ ಜಗಲಿಗೆ ಬಂದು ಕೂತ ಹಾಗೆ. ಸಂಜೆ ಏಳರ ದೋಣಿಗೆ ಹೋಗಿ, ಆ ಕಡೆ ಐಸ್‌ಕ್ರೀಮ್ ತಿಂದು, ಮುಳುಗೋ ಸೂರ್ಯನ ಬೆಳಕಲ್ಲಿ ಊರಿನ ಕಿಟಕಿಗಳೆಲ್ಲ ಹೊಳೆಯೋದು ನೋಡ್ತಾ ವಾಪಸ್ ಬನ್ನಿ.

ಊರಿಂದ ಅಪ್ಪ-ಅಮ್ಮ ಬಂದಿದ್ದರೆ ಅವರ ಹಗಲಿನ ಬಗ್ಗೆಯೂ ಯೋಚಿಸಿ. ಅವರು ಬೇಸಿಗೆಗೇ ಬರ್ತಾರೆ, ನಾವು ಬೇಸಿಗೆಯಲ್ಲೂ ಆಫೀಸಿಗೆ ಹೋಗ್ತೀವಿ. ಹತ್ತಿರದ ಪಾರ್ಕಿನ ಒಂದು ಬೆಂಚು ತೋರಿಸಿಕೊಡಿ. ಬೆಳಗ್ಗೆ ಹತ್ತಕ್ಕೆ ಅಲ್ಲಿ ತೆಲುಗಿನವರೋ ತಮಿಳಿನವರೋ ಒಬ್ಬರಾದರೂ ಇರ್ತಾರೆ, ಭಾಷೆ ಬಾರದಿದ್ದರೂ ಬಿಪಿ ಮಾತ್ರೆಯ ಹೆಸರು ಎಲ್ಲರಿಗೂ ಬರುತ್ತೆ. ಇನ್ನೊಂದು, ಇಲ್ಲಿಯ ಒಣ ಬಿಸಿಲು ಸಂಡಿಗೆಗೆ ಹೇಳಿ ಮಾಡಿಸಿದ್ದು. ನಮ್ಮ ಡೆಕ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಅಮ್ಮ ಹಾಕಿದ ಅಕ್ಕಿ ಸಂಡಿಗೆ ಎರಡೇ ದಿನಕ್ಕೆ ಕಟಕಟ ಒಣಗಿತು. ಕಾಗೆ ಇಲ್ಲಿಯೂ ದಂಡಿಯಾಗಿವೆ. ಜೂನ್‌ನಲ್ಲಿ ಮರಿ ಇದ್ದಾಗ ತಲೆಗೇ ಎರಗ್ತವೆ. ಊರಲ್ಲಿ ಮಾಡೋ ಹಾಗೆ ಅಮ್ಮ ಕಪ್ಪು ಛತ್ರಿ ಬಿಚ್ಚಿ ಪಕ್ಕದಲ್ಲಿಟ್ಟಳು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಇದೇನು ಅಂತ ಕೇಳಿದಳು, ಕರಿದ ಮೇಲೆ ಒಂದು ತಟ್ಟೆ ಅಲ್ಲಿಗೂ ಹೋಯ್ತು.

ಆಗಸ್ಟ್-ಸೆಪ್ಟೆಂಬರಲ್ಲಿ ಕಾಡ್ಗಿಚ್ಚಿನ ಹೊಗೆ ಬರೋ ವರ್ಷಗಳೂ ಇವೆ. ಫೋನಲ್ಲಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅನ್ನೋ ಅಂಕಿ, 150 ದಾಟಿದರೆ ಪಾರ್ಕು ಬಿಟ್ಟು ಕಿಟಕಿ ಮುಚ್ಚಿ ಒಳಗಿರಿ. ಹಾಗಂತ ಜುಲೈನಲ್ಲೇ ಹೆದರಿ ಕೂರಬೇಡಿ.

ಆಗಸ್ಟ್ ಕೊನೆಗೆ ಅಮ್ಮ ಹೊತ್ತು ಮುಳುಗೋ ಸಮಯ ಫೋನಲ್ಲಿ ತಾನೇ ನೋಡಿಕೊಳ್ಳೋದು ಕಲಿತಿದ್ದಳು. ನಾನು ಆಫೀಸಿಂದ ಬಂದು ಬಾಗಿಲು ತೆಗೆದರೆ ಚಪ್ಪಲಿ ಹಾಕಿಕೊಂಡು ಸೋಫಾ ಮೇಲೆ ಕೂತಿದ್ದಳು, ಮಡಿಲಲ್ಲಿ ಚುರುಮುರಿ ಡಬ್ಬಿ. "ಇವತ್ತು ಮುಳುಗೋದು ಎಂಟಕ್ಕಂತೆ," ಅಂದಳು. "ದೀಪಕ್ಕೆ ಇನ್ನೂ ಹೊತ್ತಿದೆ. ಬ್ಯಾಗ್ ಇಳಿಸಬೇಡ, ನಡಿ."